ಮಗಳಿಗೊಂದು ಪತ್ರ: ಬಂದೂಕು ಸರ್ಕಾರದ್ದು, ಬ್ಯಾಂಡೇಜು ಮನೆಯದು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ರಷ್ಯಾ ಸೈನಿಕರ ವಿಡಿಯೊ ನೋಡಿದೆ. ತುಕ್ಕು ಹಿಡಿದ ಬಂದೂಕು, ಹೊಟ್ಟೆ ಬಂದ ಗಂಡಸರು, ಕೆಳಗೆ ನಿನ್ನ ನಗುವ ಎಮೋಜಿ. "ಇವರು ಯುದ್ಧ ಗೆಲ್ತಾರಂತಾ ಅಮ್ಮ?" ಅಂತ ಬೇರೆ ಕೇಳಿದ್ದೀಯ. ವಾಟ್ಸಾಪ್‌ನಲ್ಲಿ ಎರಡು ಸಾಲಿಗೆ ಮುಗಿಯುವ ಮಾತಲ್ಲ ಇದು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಇಂಥ ವಿಡಿಯೊಗಳು ಜಾಸ್ತಿ ಬಂದಿದ್ದು 2022ರ ಸೆಪ್ಟೆಂಬರ್ ಆದಮೇಲೆ. ಅದೇ ವರ್ಷ ಮಾರ್ಚ್ 8ರಂದು, ಮಹಿಳಾ ದಿನದ ಶುಭಾಶಯ ಹೇಳುತ್ತಾ, ಪುಟಿನ್ ಸೈನಿಕರ ತಾಯಂದಿರಿಗೆ, ಹೆಂಡತಿಯರಿಗೆ ಒಂದು ಮಾತು ಕೊಟ್ಟಿದ್ದರು. ಕಡ್ಡಾಯ ಸೇವೆಯ ಹುಡುಗರು ಉಕ್ರೇನ್‌ನಲ್ಲಿ ಹೋರಾಡುತ್ತಿಲ್ಲ, ಮೀಸಲು ಪಡೆಯವರನ್ನೂ ಕರೆಸುವುದಿಲ್ಲ ಅಂತ. ಮರುದಿನವೇ ಅವರ ರಕ್ಷಣಾ ಸಚಿವಾಲಯ, ಅಂಥ ಕೆಲವು ಹುಡುಗರು ಅಲ್ಲಿದ್ದಾರೆ, ಕೆಲವರು ಸೆರೆಯೂ ಸಿಕ್ಕಿದ್ದಾರೆ ಅಂತ ಒಪ್ಪಿಕೊಂಡಿತು. ಸೆಪ್ಟೆಂಬರ್ 21ಕ್ಕೆ ಅದೇ ಪುಟಿನ್ ಟಿವಿಯಲ್ಲಿ ಬಂದು ಮೀಸಲು ಪಡೆಯವರನ್ನು ಕರೆಸುವ ಆದೇಶ ಹೊರಡಿಸಿದರು. 3 ಲಕ್ಷ ಜನ ಬೇಕು ಅಂದರು ಆಗಿನ ರಕ್ಷಣಾ ಸಚಿವ ಶೊಯಿಗು. ಅದೇ ದಿನ ಅವರು ಹೇಳಿದ ಇನ್ನೊಂದು ಲೆಕ್ಕ, ಇದುವರೆಗೆ ನಮ್ಮವರು ಸತ್ತಿದ್ದು 5,937 ಅಂತ. ಅಷ್ಟೇ ಸತ್ತಿದ್ದರೆ 3 ಲಕ್ಷ ಯಾಕಪ್ಪಾ ಅಂತ ಯಾವ ತಾಯಿಗಾದರೂ ಅನಿಸುತ್ತೆ, ಅಲ್ವಾ? ನಾವು ಹೋರಾಡುತ್ತಿರುವುದು ಉಕ್ರೇನ್ ಜೊತೆಗಿಂತ ಹೆಚ್ಚಾಗಿ ಇಡೀ ಪಶ್ಚಿಮ ದೇಶಗಳ ಜೊತೆ ಅಂತಲೂ ಶೊಯಿಗು ಅಂದರು. ಮಾತು ಅಷ್ಟು ದೊಡ್ಡದು. ಆದರೆ ಕರೆ ಬಂದವರ ಕೈಗೆ ಸಿಕ್ಕಿದ್ದು ನೀನು ನೋಡಿದ ಬಂದೂಕು.

ನೀನು ಕಳಿಸಿದ್ದಕ್ಕಿಂತ ನನಗೆ ಮರೆಯಲಾಗದ್ದು ಆ ದಿನಗಳ ಇನ್ನೊಂದು ವಿಡಿಯೊ. ಸಮವಸ್ತ್ರ ಹಾಕಿದ ಒಬ್ಬ ಹೆಂಗಸು ಹೊಸದಾಗಿ ಬಂದವರಿಗೆ ಹೇಳುತ್ತಾಳೆ: ನಮ್ಮಲ್ಲಿ ಬಟ್ಟೆ, ರಕ್ಷಾಕವಚ ಬಿಟ್ಟು ಬೇರೇನೂ ಇಲ್ಲ, ಮಲಗುವ ಚೀಲ ನೀವೇ ತನ್ನಿ, ಕಾರಿನ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಿಂದ ರಕ್ತ ಕಟ್ಟುವ ಪಟ್ಟಿ (ಟೂರ್ನಿಕೆಟ್) ತನ್ನಿ, ಹೆಂಡತಿ, ಅಮ್ಮನ ಹತ್ತಿರ ಪ್ಯಾಡು, ಟ್ಯಾಂಪೂನು ಕೇಳಿ ತನ್ನಿ, ಗುಂಡಿನ ಗಾಯಕ್ಕೆ ತುರುಕಬಹುದು ಅಂತ. ಇಷ್ಟು ವರ್ಷ ಕ್ಯಾಶುವಾಲ್ಟಿಯಲ್ಲಿ ನರ್ಸ್ ಆಗಿ ನಿಂತವಳಿಗೆ ಇದು ಕೇಳಿ ಹೇಗಾಗಿರಬೇಡ! ಟ್ಯಾಂಪೂನು ಹೀರುವುದು ಕೆಲವೇ ಚಮಚ ರಕ್ತ. ಹೀರಿದರೆ ರಕ್ತ ನಿಲ್ಲುವುದಿಲ್ಲ ಪುಟ್ಟಿ, ಒತ್ತಿದರೆ ನಿಲ್ಲುತ್ತೆ. ಗಾಯದ ಆಳಕ್ಕೆ ಗಾಯ ಕಟ್ಟುವ ತೆಳು ಹತ್ತಿ ಬಟ್ಟೆ (ಗಾಸ್) ತುಂಬಿ ಮೈಭಾರ ಹಾಕಿ ಒತ್ತಬೇಕು, ಕೈಕಾಲಿನ ದೊಡ್ಡ ನಾಳ ಹರಿದಿದ್ದರೆ ಗಾಯದ ಮೇಲುಗಡೆ ಟೂರ್ನಿಕೆಟ್ ಬಿಗಿಯಬೇಕು, ಅದೂ ನಿಮಿಷಗಳ ಒಳಗೆ. ಇದನ್ನು ಹೇಳಿಕೊಟ್ಟು, ಆ ಪಟ್ಟಿ ಕೊಟ್ಟು ಕಳಿಸಲು ಬಹಳ ದುಡ್ಡೇನೂ ಬೇಡ. ಆದರೂ ಆ ಲಿಸ್ಟು ಅಮ್ಮಂದಿರ ಕೈಗೆ ಹೋಯಿತು.

ಹಾಗಾದರೆ ಸರ್ಕಾರದ ಸಾಮಾನು ಎಲ್ಲಿ ಹೋಯಿತು? ಇದನ್ನು ವಿರೋಧಿಗಳು ಕೇಳಿದ್ದರೆ ಜೈಲು. ಸೇನೆ ಬಗ್ಗೆ "ಸುಳ್ಳು" ಹಬ್ಬಿಸಿದರೆ 15 ವರ್ಷದವರೆಗೆ ಶಿಕ್ಷೆ ಅಂತ ಮಾರ್ಚ್‌ನಲ್ಲೇ ಕಾನೂನು ಮಾಡಿಟ್ಟಿದ್ದರು. ಕೇಳಿದ್ದು ಪುಟಿನ್ ಪಕ್ಷದವರೇ ಆದ ಸಂಸದ, ಹಿಂದಿನ ಜನರಲ್ ಗುರುಲ್ಯೋವ್. ಉಗ್ರಾಣದಲ್ಲಿ ಇರಬೇಕಿದ್ದ 15 ಲಕ್ಷ ಜೊತೆ ಸಮವಸ್ತ್ರ ಎಲ್ಲಿ ಅಂತ. ಮುಂದೆ 2024ರಲ್ಲಿ ರಕ್ಷಣಾ ಉಪ ಸಚಿವ ತಿಮೂರ್ ಇವಾನೊವ್ ಅರೆಸ್ಟ್ ಆದರು, ಹಣ ನುಂಗಿದ್ದಕ್ಕೆ 13 ವರ್ಷ ಶಿಕ್ಷೆಯೂ ಆಯಿತು. ಅದು ಬೇರೆ ದುಡ್ಡಿನ ಕೇಸು. ಸಮವಸ್ತ್ರದ ಕಥೆ ಹಾಗೇ ಉಳಿಯಿತು.

ಸಾಮಾನು ಇಲ್ಲದಿದ್ದರೂ ಮಾತಿಗೆ ಏನೂ ಕೊರತೆ ಇರಲಿಲ್ಲ ನೋಡು. ರಷ್ಯಾದ ಆರ್ಥೊಡಾಕ್ಸ್ ಚರ್ಚಿನ ಧರ್ಮಗುರು ಕಿರಿಲ್, ಕರ್ತವ್ಯದಲ್ಲಿ ಸತ್ತರೆ ಪಾಪವೆಲ್ಲ ತೊಳೆದುಹೋಗುತ್ತೆ ಅಂತ ಪ್ರವಚನ ಕೊಟ್ಟರು. 2023ರ ಹೊಸ ವರ್ಷದ ರಾತ್ರಿ, ರಷ್ಯಾ ಹಿಡಿದಿದ್ದ ಉಕ್ರೇನಿನ ಊರು ಮಕೀವ್ಕದಲ್ಲಿ, ಕರೆಸಿಕೊಂಡವರನ್ನು ಒಂದೇ ಕಟ್ಟಡದಲ್ಲಿ ತುಂಬಿದ್ದಾಗ ಉಕ್ರೇನಿನ ರಾಕೆಟ್ ಬಿದ್ದು, ರಷ್ಯಾದ ಲೆಕ್ಕದಲ್ಲೇ 89 ಜನ ಸತ್ತರು. ರಷ್ಯಾ ಸೇನೆ ಹೇಳಿದ ಮುಖ್ಯ ಕಾರಣ ಏನಂತೆ? ಹುಡುಗರು ಮೊಬೈಲ್ ಬಳಸಿದ್ದು! ಅದಕ್ಕೂ ಮೊದಲು ನವೆಂಬರ್‌ನಲ್ಲಿ ಪುಟಿನ್ ಕೆಲವು ತಾಯಂದಿರನ್ನು ಚಹಾಕ್ಕೆ ಕರೆದಿದ್ದರು. ಮಗನನ್ನು ಕಳೆದುಕೊಂಡವಳ ಎದುರು ಕೂತು, ವರ್ಷಕ್ಕೆ 30 ಸಾವಿರ ಜನ ರಸ್ತೆ ಅಪಘಾತದಲ್ಲಿ ಸಾಯುತ್ತಾರೆ, ಅಷ್ಟೇ ಜನ ಕುಡಿದು ಸಾಯುತ್ತಾರೆ, ನಿಮ್ಮ ಮಗ ಬದುಕಿದ್ದಕ್ಕೆ ಅರ್ಥ ಇತ್ತು ಅನ್ನೋ ಧಾಟಿಯಲ್ಲಿ ಮಾತಾಡಿದರು. ಸಾವಿನ ಮನೆಗೆ ಹೋದಾಗ ಹೇಳಲು ಏನೂ ತೋಚದಿದ್ದರೆ ಸುಮ್ನೆ ಕೂತು ಬರಬೇಕು ಅಂತ ನಿನ್ನಜ್ಜಿ ಹೇಳುತ್ತಿದ್ದಳು.

ಎಲ್ಲರೂ ತೆಪ್ಪಗೆ ಇರಲಿಲ್ಲ ಮತ್ತೆ. ರಷ್ಯಾದ ದಕ್ಷಿಣದ ದಾಗೆಸ್ತಾನ ಪ್ರಾಂತ್ಯದ ಮಖಚ್ಕಲಾ ನಗರದಲ್ಲಿ ಹೆಂಗಸರು ಬೀದಿಗಿಳಿದು ಪೊಲೀಸರ ಮುಖಕ್ಕೇ ಕೂಗಿದರು. ಲಕ್ಷಾಂತರ ಜನ ಕಜಕಸ್ತಾನ, ಜಾರ್ಜಿಯಾ ಅಂತ ಗಡಿ ದಾಟಿದರು. 2023ರ ಕೊನೆಗೆ, ಕರೆಸಿಕೊಂಡವರ ಹೆಂಡತಿಯರು ಬಿಳಿ ಸ್ಕಾರ್ಫ್ ಕಟ್ಟಿಕೊಂಡು ಮಾಸ್ಕೋದ ಅಜ್ಞಾತ ಸೈನಿಕನ ಸ್ಮಾರಕಕ್ಕೆ ಹೂವಿಟ್ಟು ಬರತೊಡಗಿದರು. ವರ್ಷ ದಾಟಿತು, ಇನ್ನಾದರೂ ಮನೆಗೆ ಕಳಿಸಿ ಅನ್ನೋದಷ್ಟೇ ಅವರ ಬೇಡಿಕೆ. ಆ ಆದೇಶದಲ್ಲಿ ವಾಪಸ್ ಬರುವ ದಿನಾಂಕವೇ ಇಲ್ಲ! ಆ ಗುಂಪಿಗೂ "ವಿದೇಶಿ ಏಜೆಂಟ್" ಅನ್ನೋ ಪಟ್ಟ ಕಟ್ಟಿದರು.

ರಷ್ಯಾದವರ ಪರ ಅಮ್ಮ ವಕಾಲತ್ತು ಮಾಡ್ತಾಳೆ ಅಂದುಕೊಳ್ಳಬೇಡ. ನುಗ್ಗಿದವರು ಅವರು, ಮನೆ ಸುಟ್ಟಿದ್ದು ಉಕ್ರೇನಿನವರದು. ನಮ್ಮ ಹಾವೇರಿ ಕಡೆಯ ಮೆಡಿಕಲ್ ಓದುವ ಹುಡುಗ ಖಾರ್ಕಿವ್‌ನಲ್ಲಿ ಸತ್ತಿದ್ದೂ ಅವರ ದಾಳಿಯಲ್ಲೇ. ಉಕ್ರೇನಿನಲ್ಲೂ ಜನ ಸಾಲದೆ 2024ರಲ್ಲಿ ಸೇನೆಗೆ ಎಳೆಯುವ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿದರು. ಆದರೆ ನೀನು ನಕ್ಕಿದ್ದು ಪುಟಿನ್ ನೋಡಿ ಅಲ್ಲ, ಕರೆದಾಗ ಇಲ್ಲ ಅನ್ನಲಾಗದ ಡ್ರೈವರನ್ನೋ ಮೇಷ್ಟ್ರನ್ನೋ ನೋಡಿ. ಇಲ್ಲ ಅನ್ನಬಲ್ಲವರ ಮಕ್ಕಳು ಆ ವಿಡಿಯೊದಲ್ಲಿ ಇರಲ್ಲ. ಪುಟಿನ್ ವಕ್ತಾರ ಪೆಸ್ಕೊವ್ ಮಗನಿಗೆ ಯಾರೋ ತಮಾಷೆಗೆ, ಭರ್ತಿ ಕಚೇರಿಯಿಂದ ಅಂತ ಫೋನ್ ಮಾಡಿದರೆ, ನಾನು ಪೆಸ್ಕೊವ್, ನಾನು ಅಲ್ಲಿಗೆ ಬರೋದು ಸರಿಯಲ್ಲ, ಇದನ್ನು ಬೇರೆ ಮಟ್ಟದಲ್ಲಿ ಬಗೆಹರಿಸಿಕೊಳ್ತೇನೆ ಅಂದನಲ್ಲ, ಅದನ್ನೂ ಹುಡುಕಿ ನೋಡು.

ಇದು ದೂರದ ಕಥೆಯೂ ಅಲ್ಲ. ನಮ್ಮ ಕಲಬುರಗಿಯ ಹುಡುಗರನ್ನೇ ಸೆಕ್ಯುರಿಟಿ ಕೆಲಸ, ಸಹಾಯಕನ ಕೆಲಸ ಅಂತ ನಂಬಿಸಿ ಕರೆದೊಯ್ದು ಆ ಯುದ್ಧಕ್ಕೆ ತಳ್ಳಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಬದುಕಿ ಮನೆಗೆ ಬಂದರು, ದೇವರು ದೊಡ್ಡವನು. ಬೇರೆ ರಾಜ್ಯದ ಕೆಲವರು ಬರಲಿಲ್ಲ.

ನಿನ್ನ ರೂಮ್‌ಮೇಟ್‌ಳ ಅಣ್ಣ ಯೂಟ್ಯೂಬ್ ನೋಡಿ ಯಾವುದೋ ಏಜೆಂಟ್‌ಗೆ ದುಡ್ಡು ಕಟ್ಟೋಕೆ ಹೊರಟಿದ್ದಾನೆ ಅಂದಿದ್ದೆಯಲ್ಲ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಮೊದಲು ಅದರಲ್ಲಿ ಆ ಹೆಸರು ಹುಡುಕಲು ಹೇಳು. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಬೇಡ, ಪಾಸ್‌ಪೋರ್ಟ್ ಯಾರ ಕೈಗೂ ಕೊಡೋದು ಬೇಡ. ಅವನು ಕೇಳದಿದ್ದರೆ ನನ್ನ ನಂಬರ್ ಕೊಡು, ನಾನೇ ಮಾತಾಡ್ತೇನೆ.

ಇಂತಿ ನಿನ್ನ
ಅಮ್ಮ