ಪೀಟ್ ಮಣ್ಣನ್ನು ತುಳಿದು ಕೆಡಿಸದಿರೋಣ

ಇಂಗ್ಲೆಂಡಿನ ಲೇಡಿಬವರ್ ಜಲಾಶಯದ ದಂಡೆಯಿಂದ ಡರ್ವೆಂಟ್ ಎಡ್ಜ್ ಗುಡ್ಡಕ್ಕೆ ಓಡುವ ಹಲವರು ಕೆಸರಿಗೆ ಹೆದರಿ ಕಾಲುದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಿರುವುದು ನೋವಿನ ಸಂಗತಿ. ಅವರಲ್ಲಿ ನಾವು ಕನ್ನಡಿಗರೂ ಇದ್ದೇವೆ. ಕಾಲಡಿಯಲ್ಲಿರುವುದು ಬರಿಯ ಕೆಸರಲ್ಲ, ಒದ್ದೆ ನೆಲದಲ್ಲಿ ಅರೆಕೊಳೆತ ಗಿಡಗಳಿಂದ ಆಗುವ, ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುವ ಪೀಟ್ ಮಣ್ಣು. ಮೇಲಿನ ಗಿಡಗಳ ಹೊದಿಕೆ ಕಿತ್ತುಹೋದರೆ ಅದು ಮಳೆಗೆ ಕೊಚ್ಚಿಹೋಗಿ ಕುಡಿಯುವ ನೀರಿನ ಜಲಾಶಯವನ್ನೇ ಸೇರುತ್ತದೆ. ಕುದುರೆಮುಖದ ಹುಲ್ಲುಗಾವಲನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಸಂತದಲ್ಲಿ ಕರ್ಲ್ಯೂ, ಗೋಲ್ಡನ್ ಪ್ಲೋವರ್ ಹಕ್ಕಿಗಳು ಈ ಡರ್ವೆಂಟ್ ಎಡ್ಜ್ ಗುಡ್ಡದಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಇಲ್ಲಿನ ಕನ್ನಡ ಬಳಗಗಳು ಗುಂಪು ಓಟ ಏರ್ಪಡಿಸುವಾಗ ಗುಡ್ಡದ ಮೇಲೆ ಕಲ್ಲುಚಪ್ಪಡಿ ಹಾಸಿದ ದಾರಿಯನ್ನೇ ಹಿಡಿಯಲಿ. ಮಾರ್ಚ್‌ನಿಂದ ಜುಲೈವರೆಗೆ ಜಲಾಶಯದ ದಂಡೆಯ ದಾರಿಯಲ್ಲಷ್ಟೇ ಓಡಲಿ.

– ಒಬ್ಬ ಓದುಗ, ಶೆಫೀಲ್ಡ್, ಇಂಗ್ಲೆಂಡ್