ಟ್ರಿನಿಡಾಡ್‌ಗೆ ಬರುವ ಗೆಳೆಯನಿಗೆ

ಪ್ರಿಯ ಗೆಳೆಯಾ,

ಬಾರ್ಬಡೋಸ್ ಮುಗಿಸಿಕೊಂಡು ಒಂದು ದಿನ ಟ್ರಿನಿಡಾಡ್‌ಗೂ ಬಂದು ಹೋಗುತ್ತೇನೆ ಎಂದು ಬರೆದಿದ್ದೀಯ. ಒಂದು ದಿನ ಎಲ್ಲಿಗೂ ಸಾಲದು ಮಾರಾಯ. ಐದಾರು ದಿನವಾದರೂ ಇಟ್ಟುಕೋ. ಬಿಳಿ ಮರಳು, ನೀಲಿ ನೀರು ಬೇಕಿದ್ದರೆ ಪಕ್ಕದ ಟೊಬೇಗೊದಲ್ಲಿ ಬೇಕಾದಷ್ಟಿದೆ. ಟ್ರಿನಿಡಾಡ್‌ನಲ್ಲಿ ನಾನು ನಿನ್ನನ್ನು ಮೊದಲು ಕರೆದುಕೊಂಡು ಹೋಗುವುದು ಬೀಚಿಗಲ್ಲ, ವಾಟರ್‌ಲೂ ಎಂಬ ಹಳ್ಳಿಗೆ.

ದ್ವೀಪದ ಪಶ್ಚಿಮ ಕರಾವಳಿಯ ಹಳ್ಳಿ ಅದು. ಒಂದು ಕಾಲದಲ್ಲಿ ಈ ಕಡೆಯೆಲ್ಲ ಬರೀ ಕಬ್ಬು. ಗುಲಾಮಗಿರಿ ನಿಂತ ಮೇಲೆ ತೋಟಗಳಿಗೆ ಆಳು ಸಿಗಲಿಲ್ಲ. ಆಗ ಬ್ರಿಟಿಷರು ಕರಾರು ಬರೆಸಿಕೊಂಡು ನಮ್ಮ ದೇಶದ ಜನರನ್ನು ಹಡಗು ಹತ್ತಿಸಿದರು. 'ಫತೇಲ್ ರಜಾಕ್' ಎಂಬ ಮೊದಲ ಹಡಗು ಇಲ್ಲಿಗೆ ಬಂದದ್ದು 1845ರ ಮೇ 30ರಂದು. 1917ರ ಹೊತ್ತಿಗೆ 1,40,000ಕ್ಕೂ ಹೆಚ್ಚು ಜನ ಬಂದಿದ್ದರು. ಹೆಚ್ಚಿನವರು ಕಲ್ಕತ್ತೆಯಿಂದ ಹಡಗು ಹತ್ತಿದ ಬಿಹಾರ, ಉತ್ತರ ಪ್ರದೇಶದ ಕಡೆಯವರು. ಮೇ 30 ಈಗಲೂ ಇಲ್ಲಿ ಸರ್ಕಾರಿ ರಜೆ.

ಹಾಗೆ ಚಿಕ್ಕಂದಿನಲ್ಲೇ ಬಂದವನು ಶಿವದಾಸ್ ಸಾಧು. ಕಬ್ಬಿನ ತೋಟದ ಕೂಲಿಯಾಳು. 1947ರಲ್ಲಿ ಸಮುದ್ರದ ದಡದಲ್ಲಿ ಒಂದು ಸಣ್ಣ ಗುಡಿ ಕಟ್ಟಿದ. ಜಾಗ ಸಕ್ಕರೆ ಕಂಪನಿಯದು. ಐದು ವರ್ಷದ ನಂತರ ಗುಡಿಯನ್ನು ಕೆಡವಿಸಿದರು, ಅವನನ್ನು ಜೈಲಿಗೂ ಹಾಕಿದರು. ಹೊರಗೆ ಬಂದವನು ಏನು ಮಾಡಿದ ಗೊತ್ತಾ? ನೆಲ ನಿಮ್ಮದಾದರೆ ಇರಲಿ, ಸಮುದ್ರ ಯಾರದೂ ಅಲ್ಲವಲ್ಲ ಎಂದು ನೀರಿನೊಳಗೇ ಕಟ್ಟಲು ಶುರು ಮಾಡಿದ. ಇಳಿತದ ಹೊತ್ತಿಗೆ ಕಾಯುವುದು, ಸೈಕಲ್ಲಿನಲ್ಲಿ ಬಕೆಟ್ಟುಗಳನ್ನು ನೇತುಹಾಕಿಕೊಂಡು ಕಲ್ಲು, ಮರಳು, ಸಿಮೆಂಟ್ ಹೊತ್ತು ತಂದು ಸುರಿಯುವುದು. ಹಗಲು ಕೂಲಿ, ಉಳಿದ ಹೊತ್ತು ಇದು. ವರ್ಷಗಟ್ಟಲೆ ಹೀಗೇ ಮಾಡಿದ. ಇಂದಿನ ಗುಡಿಯನ್ನು 1995ರಲ್ಲಿ ಸರ್ಕಾರದ ನೆರವಿನಿಂದ ಹೊಸದಾಗಿ ಕಟ್ಟಿದ್ದಾರೆ. ಆದರೆ ಜಾಗ ಅವನದೇ. ದಡದಿಂದ ಗುಡಿಯವರೆಗೂ ನಡೆದು ಹೋಗಬಹುದು. ಅವನ ಪ್ರತಿಮೆಯೂ ಅಲ್ಲೇ ಇದೆ. ಪಕ್ಕದಲ್ಲೇ ಹೆಣ ಸುಡುವ ಜಾಗ, ದಡದುದ್ದಕ್ಕೂ ಬಿದಿರಿಗೆ ಕಟ್ಟಿದ ಬಣ್ಣಬಣ್ಣದ 'ಝಂಡಿ'ಗಳು, ಅಂದರೆ ಪೂಜೆಯ ಬಾವುಟಗಳು. ನಾನು ಇಲ್ಲಿ ನೋಡಿರುವ ಜಾಗಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಇದೇ. ಸುಮ್ನೆ ಫೋಟೋ ತೆಗೆದು ಹೊರಡಬೇಡ. ಇಳಿತವನ್ನೂ ಭರತವನ್ನೂ ಎರಡನ್ನೂ ನೋಡುವಷ್ಟು ಹೊತ್ತು ಕೂತಿರು. ಆಗ ಅವನ ಕೆಲಸ ಎಂಥದ್ದು ಎಂದು ಗೊತ್ತಾಗುತ್ತದೆ.

ಅಲ್ಲಿಂದ ಹತ್ತಿರದಲ್ಲೇ ಕ್ಯಾರಪಿಚೈಮಾದಲ್ಲಿ 85 ಅಡಿ ಎತ್ತರದ ಹನುಮಂತ ನಿಂತಿದ್ದಾನೆ. ಇದನ್ನು ನಿಲ್ಲಿಸಿದ್ದು ನಮ್ಮ ಮೈಸೂರಿನ ದತ್ತಪೀಠದವರು. ಹಿಂದಿ, ಭೋಜಪುರಿ ಭಜನೆಗಳ ಈ ನಾಡಿನಲ್ಲಿ, ಅವರ ದೇವಸ್ಥಾನದಲ್ಲಿ ನಮ್ಮ ಕಡೆಯ ಗೋಪುರದ ಕೆತ್ತನೆ ಕಂಡರೆ ಖುಷಿಯಾಗದೆ ಇರುತ್ತದಾ?

ಒಂದು ಸಂಜೆ ಕರೋನಿ ಜೌಗಿಗೆ ಮೀಸಲಿಡು. ನಾಲ್ಕು ಗಂಟೆ ಸುಮಾರಿಗೆ ದೋಣಿ ಹೊರಡುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಾಲುವೆಗಳಲ್ಲಿ ನಿಧಾನವಾಗಿ ಸಾಗುತ್ತದೆ. ಹೊತ್ತು ಇಳಿಯುತ್ತಿದ್ದ ಹಾಗೆ ಸ್ಕಾರ್ಲೆಟ್ ಐಬಿಸ್ ಹಕ್ಕಿಗಳು ಗುಂಪುಗುಂಪಾಗಿ ಬಂದು ಒಂದೇ ನಡುಗಡ್ಡೆಯ ಮರಗಳ ಮೇಲೆ ಕೂರುತ್ತವೆ. ಹಸಿರು ಮರ ನೋಡನೋಡುತ್ತಲೇ ಕೆಂಪಾಗುತ್ತದೆ. ಮರಿಗಳು ಕಂದು ಬೂದು. ಏಡಿ, ಸಿಗಡಿ ತಿಂದು ತಿಂದು ಅದರೊಳಗಿನ ಬಣ್ಣದಿಂದಲೇ ಬೆಳೆದ ಹಕ್ಕಿ ಕೆಂಪಾಗುವುದಂತೆ. ಹಿಂದೆ ಇವನ್ನು ಕದ್ದು ಬೇಟೆಯಾಡುತ್ತಿದ್ದರು. 2018ರಲ್ಲಿ ಕಾನೂನು ಬಿಗಿ ಮಾಡಿದ್ದಾರೆ. ದೊಡ್ಡ ಕ್ಯಾಮೆರಾ ಇದ್ದರೆ ತಾ, ದೋಣಿ ತುಂಬ ದೂರದಲ್ಲೇ ನಿಲ್ಲುತ್ತದೆ. ಹಾಗೆ ದೂರ ನಿಲ್ಲುವುದೇ ಸರಿ.

ದಕ್ಷಿಣಕ್ಕೆ ಲಾ ಬ್ರೇಯಾದಲ್ಲಿ ಡಾಂಬರಿನ ಕೆರೆಯಿದೆ. ನೂರು ಎಕರೆಯಷ್ಟು ಜಾಗ, ನೆಲದಿಂದ ತಾನಾಗಿ ಉಕ್ಕಿದ ಡಾಂಬರು. ಮೇಲೆ ನಡೆದಾಡಬಹುದು, ಆದರೆ ಗೈಡ್ ಇಲ್ಲದೆ ಬೇಡ. ಕೆಲವು ಕಡೆ ಮೆತ್ತಗಿದ್ದು ಕಾಲು ಹೂತುಹೋಗುತ್ತದೆ. ದೂರದಿಂದ ನೋಡಿದರೆ ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಹಾಗೆ, ಅಷ್ಟೇ. ಹತ್ತಿರ ಹೋದ ಮೇಲೇ ಅದರ ಮಡಿಕೆ, ಗುಳ್ಳೆ, ಗಂಧಕದ ವಾಸನೆ ಎಲ್ಲ ಗೊತ್ತಾಗುವುದು. 1595ರಲ್ಲಿ ಇಂಗ್ಲಿಷ್ ನಾವಿಕ ವಾಲ್ಟರ್ ರಾಲಿ ತನ್ನ ಹಡಗುಗಳ ಸಂದಿಗೆ ಬಳಿದದ್ದು ಇದೇ ಡಾಂಬರನ್ನು.

ಊಟದ ಚಿಂತೆ ಬೇಡ. ಬೆಳಗ್ಗೆ ರಸ್ತೆ ಬದಿಯಲ್ಲಿ 'ಡಬಲ್ಸ್' ತಿನ್ನು. ಅರಿಸಿನ ಹಾಕಿ ಕರಿದ ಎರಡು ಮೆತ್ತನೆಯ ಬಾರಾ (ಪೂರಿಯಂಥ ರೊಟ್ಟಿ), ಮೇಲೆ ಕಾಬೂಲ್ ಕಡಲೆಯ ಗೊಜ್ಜು, ಹುಣಸೆ ಚಟ್ನಿ. ಖಾರ ಎಷ್ಟು ಎಂದು ಕೇಳುತ್ತಾರೆ. ಮೊದಲ ಸಲ 'ಸ್ಲೈಟ್' ಎಂದೇ ಹೇಳು, ಇಲ್ಲಿನ ಮೆಣಸಿನಕಾಯಿ ಜಾಸ್ತಿ ಖಾರ. ಮರಾಕಸ್ ಬೀಚಿಗೆ ಹೋದರೆ ಎಲ್ಲರೂ 'ಬೇಕ್ ಅಂಡ್ ಶಾರ್ಕ್', ಅಂದರೆ ಕರಿದ ರೊಟ್ಟಿಯೊಳಗೆ ಶಾರ್ಕ್ ಮೀನು ತಿನ್ನುತ್ತಾರೆ. ನಿನಗೆ ಮೀನು ಆಗುವುದಿಲ್ಲ, ಆದರೂ ಹೋಗು. ಬೆಟ್ಟ ಬಳಸಿಕೊಂಡು ಇಳಿಯುವ ಆ ರಸ್ತೆಗಾಗಿಯೇ ಹೋಗಬೇಕು.

ಪೋರ್ಟ್ ಆಫ್ ಸ್ಪೇನ್‌ನಲ್ಲಿ ಕ್ವೀನ್ಸ್ ಪಾರ್ಕ್ ಓವಲ್ ಕ್ರಿಕೆಟ್ ಮೈದಾನ ಇದೆ. 1976ರ ಏಪ್ರಿಲ್‌ನಲ್ಲಿ ನಮ್ಮವರು ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್‌ನಲ್ಲಿ 403 ರನ್ ಬೆನ್ನಟ್ಟಿ ಗೆದ್ದರಲ್ಲ, ಅದೇ ಮೈದಾನ. ಗವಾಸ್ಕರ್ 102, ನಮ್ಮ ವಿಶಿ (ಜಿ.ಆರ್. ವಿಶ್ವನಾಥ್) 112, ಕೊನೆಗೆ ಔಟಾಗದೆ ಉಳಿದ ಬ್ರಿಜೇಶ್ ಪಟೇಲ್ 49. ಮೊದಲ ಇನ್ನಿಂಗ್ಸ್‌ನಲ್ಲಿ ಚಂದ್ರ (ಬಿ.ಎಸ್. ಚಂದ್ರಶೇಖರ್) 6 ವಿಕೆಟ್ ಕಿತ್ತಿದ್ದ. ನಿನ್ನಪ್ಪನಿಗೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡು. ಆ ಮ್ಯಾಚ್ ನೆನಪು ಅವರಿಗೆ ಖಂಡಿತ ಇರುತ್ತದೆ, ಅಲ್ವಾ?

ಜನವರಿಯಿಂದ ಮೇವರೆಗೆ ಇಲ್ಲಿ ಮಳೆ ಕಡಿಮೆ. ಕಾರ್ನಿವಲ್ ಬೇಕೆಂದರೆ ಫೆಬ್ರವರಿ ಆಸುಪಾಸು, ಆದರೆ ಆಗ ರೂಮು ಸಿಗುವುದು ಕಷ್ಟ, ಬೆಲೆಯೂ ವಿಪರೀತ. ನನ್ನನ್ನು ಕೇಳಿದರೆ ಏಪ್ರಿಲ್‌ನಲ್ಲಿ ಬಾ. ಆಗ ಉತ್ತರದ ಗ್ರಾಂಡ್ ರಿವಿಯೇರ್‌ನಲ್ಲಿ ಲೆದರ್‌ಬ್ಯಾಕ್ ಆಮೆಗಳು ರಾತ್ರಿ ದಡಕ್ಕೆ ಬಂದು ಮೊಟ್ಟೆಯಿಡುತ್ತವೆ. ಜಗತ್ತಿನ ಆಮೆಗಳಲ್ಲೇ ದೊಡ್ಡವು. ಅದಕ್ಕೆ ಪರವಾನಗಿ ಬೇಕು, ಮೊದಲೇ ಮಾಡಿಸಬೇಕು. ರಜೆ ಯಾವಾಗಿನಿಂದ ಎಂದು ಬೇಗ ತಿಳಿಸು, ಅದನ್ನು ನಾನು ನೋಡಿಕೊಳ್ಳುತ್ತೇನೆ.

ಪ್ರೀತಿಯಿಂದ,
ನಿನ್ನ ಗೆಳೆಯ