ಉಗುರಿಗೆಂದು ನುಂಗುವ ಮಾತ್ರೆ, ದಾರಿ ತಪ್ಪುವ ಥೈರಾಯ್ಡ್ ರಿಪೋರ್ಟ್

ಮಾನ್ಯರೇ,

ನಾನು ಲ್ಯಾಬ್ ಒಂದರಲ್ಲಿ ರಕ್ತ ತೆಗೆಯುವ ಕೆಲಸ ಮಾಡುವವಳು. ಥೈರಾಯ್ಡ್ ಪರೀಕ್ಷೆಗೆ ಬರುವವರಲ್ಲಿ ಹೆಂಗಸರೇ ಜಾಸ್ತಿ. ತೋಳಿಗೆ ಪಟ್ಟಿ ಕಟ್ಟಿ "ಮುಷ್ಟಿ ಹಿಡೀರಿ ಅಮ್ಮಾ" ಅನ್ನುವಾಗ ನನ್ನ ಕಣ್ಣು ಅವರ ಉಗುರಿನ ಮೇಲೆ ಬೀಳುತ್ತದೆ. ಎಷ್ಟೋ ಜನರ ಉಗುರಿನ ತುದಿ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಎದ್ದಿರುತ್ತದೆ. ಉದ್ದಕ್ಕೆ ಗೀರು ಬಿದ್ದಿರುತ್ತದೆ. ಕೇಳಿದರೆ "ಪಾತ್ರೆ ತೊಳೆದೂ ತೊಳೆದೂ ಹೀಗಾಗಿದೆ" ಅನ್ನುತ್ತಾರೆ.

ಅದೂ ಇರಬಹುದು. ಆದರೆ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗಲೂ ಉಗುರು ನಿಧಾನವಾಗಿ ಬೆಳೆಯುತ್ತದೆ, ಒಣಗುತ್ತದೆ, ಸುಮ್ನೆ ತಾಗಿದರೂ ಮುರಿಯುತ್ತದೆ. ಹಾರ್ಮೋನ್ ಜಾಸ್ತಿಯಾದರೆ ಬೇರೆ ಥರ. ಉಗುರು ತುದಿಯಿಂದ ಚರ್ಮ ಬಿಟ್ಟು ಮೇಲೇಳುತ್ತದೆ, ಅಡಿಯಲ್ಲಿ ಕೊಳೆ ಸೇರಿಕೊಳ್ಳುತ್ತದೆ. ಹೆಚ್ಚಾಗಿ ಉಂಗುರದ ಬೆರಳಿನಲ್ಲೇ ಇದು ಮೊದಲು ಕಾಣುತ್ತದೆ. ಅಮೆರಿಕದ ವೈದ್ಯ ಹೆನ್ರಿ ಪ್ಲಮ್ಮರ್ ಹೆಸರಿನಿಂದ ಇದನ್ನು ಪ್ಲಮ್ಮರ್ ಉಗುರು ಅಂತಲೇ ಕರೆಯುತ್ತಾರೆ. ಚಮಚದಂತೆ ಗುಳಿ ಬಿದ್ದ ಉಗುರಾದರೆ ಮೊದಲು ಕಬ್ಬಿಣದ ಕೊರತೆ ಇದೆಯೇ ಅಂತ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಬರೀ ಉಗುರು ನೋಡಿ ಇಂಥದ್ದೇ ಕಾಯಿಲೆ ಅನ್ನಲು ಬರುವುದಿಲ್ಲ. ಜೊತೆಗೆ ಸುಸ್ತು, ಕೂದಲು ಉದುರುವುದು, ಚಳಿ ತಡೆಯದಿರುವುದು, ಮಲಬದ್ಧತೆ, ಮುಟ್ಟಿನ ಏರುಪೇರು ಇದ್ದರೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಲೇಬೇಕು. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್; ಸಾಮಾನ್ಯವಾಗಿ ಥೈರಾಯ್ಡ್ ಕಡಿಮೆಯಾದರೆ ಇದು ಏರುತ್ತದೆ, ಜಾಸ್ತಿಯಾದರೆ ಇಳಿಯುತ್ತದೆ.

ಈ ಪತ್ರ ಬರೆಯಲು ಮುಖ್ಯ ಕಾರಣ ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್ ಮಾತ್ರೆ. ಉಗುರು ಮುರಿಯುತ್ತದೆ, ಕೂದಲು ಉದುರುತ್ತದೆ ಅಂದ ಕೂಡಲೇ ಮೆಡಿಕಲ್ ಶಾಪಿನಲ್ಲಿ, ಆನ್‌ಲೈನ್‌ನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 30-40 ಮೈಕ್ರೋಗ್ರಾಂ. ಮೊಟ್ಟೆ, ಕಡಲೆಕಾಯಿ ತಿನ್ನುವ ಮನೆಯಲ್ಲಿ ಅದರ ಕೊರತೆ ಅಪರೂಪ. ಆದರೆ ಡಬ್ಬಿಯಲ್ಲಿ ಬರುವ ಮಾತ್ರೆ 5 ಅಥವಾ 10 ಮಿಲಿಗ್ರಾಂ, ಅಂದರೆ ನೂರಾರು ಪಟ್ಟು ಜಾಸ್ತಿ.

ಅನೇಕ ಲ್ಯಾಬುಗಳ ಯಂತ್ರಗಳು ಹಾರ್ಮೋನ್ ಅಳೆಯಲು ಬಯೋಟಿನ್ನನ್ನೇ ಬಳಸುತ್ತವೆ. ರಕ್ತದಲ್ಲೂ ಅದು ತುಂಬಿದ್ದರೆ ಲೆಕ್ಕ ತಪ್ಪುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4 ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಥೈರಾಯ್ಡ್ ಕಡಿಮೆ ಇರುವವರ ರಿಪೋರ್ಟೂ ಥೈರಾಯ್ಡ್ ಜಾಸ್ತಿ ಇದ್ದಂತೆ ಕಾಣಬಹುದು! ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಬಯೋಟಿನ್ ಲ್ಯಾಬ್ ಪರೀಕ್ಷೆಗಳನ್ನು ಕೆಡಿಸುತ್ತದೆ ಅಂತ ಎಚ್ಚರಿಸಿತ್ತು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಿ ಅಂತ ಅಲ್ಲಿನ ಥೈರಾಯ್ಡ್ ವೈದ್ಯರ ಸಂಘ ಹೇಳುತ್ತದೆ. ತುಂಬಾ ಜಾಸ್ತಿ ಡೋಸ್ ತೆಗೆದುಕೊಳ್ಳುವವರು ಇನ್ನೂ ಹೆಚ್ಚು ದಿನ ಬಿಡಬೇಕಾಗಬಹುದು.

ನನಗೆ ಗೊತ್ತಿರುವ ಒಬ್ಬರು ವರ್ಷಗಳಿಂದ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದವರು. ಇದ್ದಕ್ಕಿದ್ದಂತೆ ಟಿಎಸ್‌ಎಚ್ ತೀರಾ ಕಡಿಮೆ ಬಂತು. ವೈದ್ಯರು ಡೋಸ್ ಇಳಿಸಿದರು. ಆಮೇಲೆ ಮೈ ಊದಿಕೊಂಡು, ಹಾಸಿಗೆಯಿಂದ ಏಳುವುದೇ ಕಷ್ಟವಾಯಿತು. ಉಗುರಿಗೆಂದು ಬಯೋಟಿನ್ ನುಂಗುತ್ತಿದ್ದ ವಿಷಯ ಯಾರೂ ಕೇಳಲಿಲ್ಲ, ಅವರಿಗೂ ಅದನ್ನು ಹೇಳಬೇಕೆಂದು ಗೊತ್ತಿರಲಿಲ್ಲ. "ಅದು ಬರೀ ವಿಟಮಿನ್ ಅಲ್ವಾ ಮೇಡಂ?" ಅಂದರು ನನ್ನ ಹತ್ತಿರ. ಅದನ್ನು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದಾಗ ನಿಜವಾದ ಅಂಕಿ ಸಿಕ್ಕಿತು.

ಇನ್ನೊಂದು ಮಾತು. ಕೈ ಉಗುರು ತಿಂಗಳಿಗೆ ಬೆಳೆಯುವುದೇ ಸುಮಾರು 3 ಮಿಲಿಮೀಟರ್. ಪೂರ್ತಿ ಹೊಸ ಉಗುರು ಬರಲು ಸುಮಾರು ಆರು ತಿಂಗಳು ಬೇಕು. ಒಂದು ತಿಂಗಳಲ್ಲಿ ಉಗುರು ಸರಿಹೋಗಲಿಲ್ಲ ಅಂತ ಥೈರಾಯ್ಡ್ ಮಾತ್ರೆ ಬಿಟ್ಟುಬಿಡುವವರನ್ನು ನೋಡಿದಾಗ ತುಂಬಾ ಸಂಕಟವಾಗುತ್ತದೆ.

ಪರೀಕ್ಷೆಗೆ ಬರೆದುಕೊಡುವ ವೈದ್ಯರು ಮತ್ತು ಎಲ್ಲಾ ಲ್ಯಾಬ್‌ಗಳು "ಕೂದಲು, ಉಗುರಿಗೆ ಏನಾದರೂ ಮಾತ್ರೆ ತಗೊಳ್ತಿದ್ದೀರಾ?" ಎಂಬ ಒಂದು ಪ್ರಶ್ನೆಯನ್ನು ಕಡ್ಡಾಯವಾಗಿ ಕೇಳಬೇಕು. ಲ್ಯಾಬಿನ ಫಾರಂನಲ್ಲೇ ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಆರೋಗ್ಯ ಇಲಾಖೆ ಸೂಚನೆ ಕೊಡಲಿ. ಇದಕ್ಕೆ ಹೊಸ ಯಂತ್ರವೂ ಬೇಡ, ಹೆಚ್ಚಿನ ಖರ್ಚೂ ಇಲ್ಲ.

– ಲ್ಯಾಬ್ ಟೆಕ್ನಿಷಿಯನ್, ತುಮಕೂರು